ಮುಖ ನೋಡದ ಹವಾಲ್ದಾರರು

ಹವಾಲ್ದಾರರು ತೀರಿಕೊಂಡ ಸುದ್ದಿ ನನಗೆ ಹನ್ನೊಂದು ದಿನ ತಡವಾಗಿ ತಿಳಿಯಿತು. ಜ್ಞಾನಭಾರತಿ ಕಡೆ ಕಟ್ಟಡದ ಕೆಲಸ ಮಾಡಿಸುವ ಗಾರೆ ಮೇಸ್ತ್ರಿಯೊಬ್ಬ ಕಾಂಕ್ರೀಟು ಮಿಕ್ಸರಿನ ಶಾಫ್ಟು ಸರಿಮಾಡಿಸಿಕೊಳ್ಳಲು ಕಾಮಾಕ್ಷಿಪಾಳ್ಯದ ನನ್ನ ಅಂಗಡಿಗೆ ಬಂದಿದ್ದ. ಲೇತಿನ ಪಕ್ಕ ನಿಂತು ಬೀಡಿ ಹಚ್ಚುತ್ತಾ, "ನಮ್ ಸೈಟ್‌ನಾಗೆ ಒಬ್ರು ವಾಚ್‌ಮನ್ ಇದ್ರು ಸಾರ್, ಎಡಗಡೆ ಹುಬ್ಬಿನ ಮೇಲೆ ಕಲೆ ಇದ್ದೋರು. ಪಾಪ, ಹೋಗ್ಬುಟ್ರು," ಎಂದ.

ನಾನು ಮಿಷನ್ನು ನಿಲ್ಲಿಸಿದೆ. "ಮಣ್ಣಿಗೆ ಯಾರು ಬಂದಿದ್ರು?"

"ಯಾರ್ ಬರ್ತಾರೆ? ನಾವೇ ಏಳೆಂಟು ಜನ ಕೂಲಿಯೋರು ಸೇರ್ಕೊಂಡು ಮಾಡಿದ್ವಿ. ನಿಮಗೆ ಗೊತ್ತಿದ್ರಾ?"

ಗೊತ್ತಿದ್ದರು. ಆ ಹುಬ್ಬಿನ ಮೇಲಿನ ಕಲೆ ಮಾಡಿದವನು ನಾನು. ಅದು ಅವರಿಗೆ ತಿಳಿದಿತ್ತು. ಅವರಿಗೆ ತಿಳಿದಿದೆ ಅಂತ ನನಗೂ ತಿಳಿದಿತ್ತು. ಆದರೆ ನನ್ನ ಬಾಯಿಂದ ಆ ಒಂದು ಮಾತು ಅವರೆದುರು ಹೊರಡಲೇ ಇಲ್ಲ. ಅವರು ಬದುಕಿದ್ದಷ್ಟು ದಿನವೂ ಹೇಳಬಹುದು ಅಂದುಕೊಂಡೇ ಇದ್ದೆ. ಈಗ ಯಾರಿಗೆ ಹೇಳಲಿ? ಓದುವ ನಿಮಗೆ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾವು ಕುರುಬರಹಳ್ಳಿಯ ಒಂದು ವಠಾರದಲ್ಲಿದ್ದೆವು. ಎದುರುಬದುರು ಮೂರು ಮೂರು ಮನೆ, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದು ನಲ್ಲಿ. ನಾನು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತು ನಡೆಸುವ ಟರ್ನರ್. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆದರೆ ನನ್ನ ಕೈಯಲ್ಲಿ ತಿರುಗಿದ ಶಾಫ್ಟನ್ನು ಇನ್‌ಸ್ಪೆಕ್ಷನ್ನಿನವರು ಎರಡನೇ ಸಲ ಅಳೆದು ನೋಡುತ್ತಿರಲಿಲ್ಲ. ಆ ಜಂಬ ನನಗೆ ಆಗಲೂ ಇತ್ತು, ಈಗಲೂ ಇದೆ.

ಎದುರು ಸಾಲಿನ ಕೊನೆಯ ಮನೆಗೆ ಹವಾಲ್ದಾರರು ಬಂದಾಗ ಸಾಮಾನು ಅಂತ ಇದ್ದದ್ದು ಒಂದು ಕಪ್ಪು ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಒಂದು ಪಂಪ್ ಸ್ಟವ್. ಐವತ್ತು ದಾಟಿದ ವಯಸ್ಸು, ನೆಟ್ಟಗಿನ ಬೆನ್ನು. ವಠಾರದ ಮಾಲೀಕರು ಎಲ್ಲರಿಗೂ ಕೇಳುವ ಹಾಗೆ, "ನೋಡ್ರಪ್ಪಾ, ಮಿಲಿಟ್ರಿಯೋರು ಬಂದಿದಾರೆ. ಇನ್ನು ಕಳ್ಳಕಾಕರ ಭಯ ಇಲ್ಲ," ಅಂದರು.

"ಮಿಲಿಟರಿ ಅಲ್ಲ," ಅಂದರು ಇವರು.

"ಮತ್ತೆ ಪೊಲೀಸಾ?"

"ನಿಮ್ಮ ಪೊಲೀಸೂ ಅಲ್ಲ. ಕೇಂದ್ರದ ಪಡೆ. ದೇಶದ ಒಳಗಡೆ ಗಲಾಟೆ ಆದ್ರೆ ಕಳಿಸ್ತಾರಲ್ಲ, ಅದು. ಹವಾಲ್ದಾರನಾಗಿ ರಿಟೈರಾದೆ."

ಮಾಲೀಕರು ತಲೆಯಾಡಿಸಿ, ಮರುದಿನದಿಂದ ಮತ್ತೆ ಮಿಲಿಟ್ರಿಯೋರು ಅಂತಲೇ ಕರೆದರು. ಇವರು ಪ್ರತಿ ಸಲವೂ ತಿದ್ದುತ್ತಿದ್ದರು. ಮಿಲಿಟರಿ ಅಂತ ಒಪ್ಪಿಕೊಂಡುಬಿಟ್ಟಿದ್ದರೆ ಬೀದಿಯಲ್ಲಿ ಮರ್ಯಾದೆ ಒಂದು ಮೊಳ ಹೆಚ್ಚುತ್ತಿತ್ತು. ಟೀ ಅಂಗಡಿಯಲ್ಲಿ ಒಬ್ಬ ಹುಡುಗಾಟಕ್ಕೆ, "ಯಜಮಾನ್ರೇ, ಯುದ್ಧದಾಗೆ ಎಷ್ಟ್ ಜನಕ್ಕೆ ಹೊಡುದ್ರಿ?" ಎಂದು ಕೇಳಿದ್ದಕ್ಕೆ, "ಹೊಡೆದ ಲೆಕ್ಕ ಇಲ್ಲಪ್ಪ. ನಾನು ತಿಂದಿರೋ ಕಲ್ಲಿನ ಲೆಕ್ಕ ಬೇಕಾದ್ರೆ ಕೇಳು, ಹೇಳ್ತೀನಿ," ಅಂದಿದ್ದರು.

ನನ್ನನ್ನು ಅವರು 'ಲೇತಪ್ಪ' ಎಂದು ಕರೆಯುತ್ತಿದ್ದರು. "ಏನಪ್ಪಾ ಲೇತಪ್ಪ, ಇವತ್ತು ಕಬ್ಬಿಣ ಎಷ್ಟು ಸಿಪ್ಪೆ ಸುಲಿದೆ?" ನನಗೂ ಅವರಿಗೂ ಸ್ನೇಹ ಹೇಗೆ ಬೆಸೆಯಿತು ಅಂತ ಹೇಳಲಾರೆ. ಸಂಜೆ ಕೆಲಸ ಮುಗಿಸಿ ಬಂದು ಅವರ ಹೊಸಿಲ ಮೇಲೆ ಕೂರುವುದು ರೂಢಿಯಾಯಿತು. ಒಂದು ಭಾನುವಾರ ನಾನು ಮನೆಯಲ್ಲಿದ್ದ ನಟ್ಟು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಅಂಗಳದಲ್ಲಿ ಒಣಗಲು ಹರಡಿದ್ದೆ. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು, "ನಮ್ಮ ಪಡೆ ಹೆಂಗಿರುತ್ತೆ ಅಂತ ತೋರಿಸ್ಲಾ?" ಎಂದು ಶುರುಮಾಡಿದರು.

ವಾಷರುಗಳು ಜವಾನರು. ಒಂದು ಹಿಡಿ ವಾಷರಿಗೆ ಒಂದು ನಟ್ಟು ಇಟ್ಟರು. ಅದು ಸೆಕ್ಷನ್, ಆ ನಟ್ಟು ತಮ್ಮಂಥ ಹವಾಲ್ದಾರ ಅಂದರು. ಅಂಥ ಕೆಲವು ಗುಂಪು ಒಟ್ಟು ಮಾಡಿ ಪ್ಲಟೂನ್. ಪ್ಲಟೂನುಗಳು ಸೇರಿ ಕಂಪನಿ. ಕಂಪನಿಗೆ ಒಂದು ಬೋಲ್ಟು. ಕಂಪನಿಗಳೆಲ್ಲ ಸೇರಿ ಬೆಟಾಲಿಯನ್, ಅದಕ್ಕೆ ನನ್ನ ಮನೆಯಲ್ಲಿದ್ದ ಅತಿ ದೊಡ್ಡ ಬೋಲ್ಟು, ಅವನು ಕಮಾಂಡೆಂಟ್. ಅವನ ಮೇಲೆ ಡಿ.ಐ.ಜಿ., ಐ.ಜಿ., ಎಲ್ಲರ ಮೇಲೆ ದಿಲ್ಲಿಯಲ್ಲಿ ಗೃಹ ಖಾತೆ. "ಮಿಲಿಟರಿಯೋರು ರಕ್ಷಣಾ ಖಾತೆ. ಅವರು ಗಡಿ ಕಡೆ ಮುಖ ಮಾಡಿ ನಿಲ್ತಾರೆ. ನಾವು ಒಳಗಡೆ ಮುಖ ಮಾಡಿ ನಿಲ್ತೀವಿ. ಅಷ್ಟೇ ವ್ಯತ್ಯಾಸ."

ಅಂಗಳದ ಅರ್ಧ ತುಂಬಿತ್ತು. ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಅವರು ಒಂದೊಂದೇ ಕಂಪನಿಯನ್ನು ಎತ್ತಿ ಅಂಗಳದ ಮೂಲೆಮೂಲೆಗೆ ಇಟ್ಟರು. ಒಂದು ತುಳಸಿಕಟ್ಟೆ ಹತ್ತಿರ, ಒಂದು ನಲ್ಲಿಯ ಬುಡಕ್ಕೆ, ಒಂದು ಬಚ್ಚಲ ಬಾಗಿಲಿಗೆ. "ಒಂದು ರಾಜ್ಯದೋರು ನಮ್ಮ ಕೈಲಿ ಆಗ್ತಿಲ್ಲ, ಜನ ಕೊಡಿ ಅಂತ ದಿಲ್ಲಿಗೆ ಬರೀತಾರೆ. ದಿಲ್ಲಿಯೋರು ಒಂದ್ ಕಂಪನಿ ಅಸ್ಸಾಮಿಗೆ, ಎರಡು ಬಂಗಾಳಕ್ಕೆ ಅಂತ ಹಂಚ್ತಾರೆ. ಹೋದ ಕಡೆ ಅಲ್ಲಿನ ಮ್ಯಾಜಿಸ್ಟ್ರೇಟು ಹೇಳಿದ ಹಾಗೆ. ಬಂದೂಕು ನಮ್ಮ ಕೈಲಿ, ಹೊಡಿ ಅನ್ನೋ ಬಾಯಿ ಇನ್ನೊಬ್ಬರದ್ದು. ಬೆಟಾಲಿಯನ್ ಅನ್ನೋದು ಕಾಗದದ ಮೇಲೆ ಒಂದು, ಲೇತಪ್ಪ. ನೆಲದ ಮೇಲೆ ಅದು ಒಟ್ಟಾಗಿ ನಿಂತಿದ್ದನ್ನ ನಾನು ಸರ್ವಿಸ್ಸಿನಲ್ಲಿ ಎಷ್ಟು ಸಲ ನೋಡಿರಬಹುದು? ಒಂದೋ ಎರಡೋ."

ಅಷ್ಟರಲ್ಲಿ ನನ್ನ ಹೆಂಡತಿ ಬಿಂದಿಗೆ ಹಿಡಿದು ಬಂದು, "ಅಣ್ಣಾ, ನಿಮ್ ಅಸ್ಸಾಮು ಸ್ವಲ್ಪ ಪಕ್ಕಕ್ಕೆ ಸರಿಸ್ತೀರಾ? ನೀರು ಹಿಡೀಬೇಕು," ಅಂದಳು. ಅವರು ಬಾಯ್ತುಂಬಾ ನಕ್ಕರು. ಅಷ್ಟು ನಕ್ಕಿದ್ದನ್ನು ಮತ್ತೆ ನಾನು ನೋಡಲಿಲ್ಲ.

ಎಲ್ಲಿ ಹೋದರೂ ಅವರನ್ನು ಇಳಿಸುತ್ತಿದ್ದದ್ದು ಸ್ಕೂಲುಗಳಲ್ಲಂತೆ. ಗಲಾಟೆ ಆದ ಊರಲ್ಲಿ ಸ್ಕೂಲು ಮುಚ್ಚಿರುತ್ತದೆ, ಬೆಂಚು ಪಕ್ಕಕ್ಕೆ ತಳ್ಳಿ ಹಾಸಿಗೆ ಬಿಚ್ಚುವುದು. ಬೋರ್ಡಿನ ಮೇಲೆ ಅರ್ಧ ಬರೆದ ಲೆಕ್ಕ ಹಾಗೇ ಇರುತ್ತಿತ್ತಂತೆ. "ಇಡೀ ದೇಶದ ಸ್ಕೂಲು ನೋಡಿದೀನಿ, ಒಂದರಲ್ಲೂ ಮಕ್ಕಳನ್ನ ನೋಡಿಲ್ಲ," ಅಂದರು ಒಂದು ಸಲ. ಸ್ಕೂಲಿನ ಮಾತು ಬಂದರೆ ಸಾಮಾನ್ಯವಾಗಿ ನಾನು ಎದ್ದು ಹೋಗುವವನು. ಅವತ್ತು ಕೂತೇ ಇದ್ದೆ.

ಅವರ ಹೆಂಡತಿ ಜ್ವರ ಬಂದು ತೀರಿಕೊಂಡಾಗ ತಂತಿ ಅವರನ್ನು ಹುಡುಕಿಕೊಂಡು ಮೂರು ಕ್ಯಾಂಪು ಸುತ್ತಿತಂತೆ. ಕೈಗೆ ಸಿಕ್ಕಾಗ ಎಲ್ಲ ಮುಗಿದಿತ್ತು. ಮಕ್ಕಳಿರಲಿಲ್ಲ. ಇದನ್ನು ಅವರು ಒಂದೇ ಸಲ, ಸ್ಟವ್ವಿಗೆ ಪಿನ್ನು ಹಾಕುತ್ತಾ ಹೇಳಿದರು. ಮತ್ತೆ ಎತ್ತಲಿಲ್ಲ.

ಅವರದ್ದೊಂದು ವಿಚಿತ್ರ ಅಭ್ಯಾಸವಿತ್ತು. ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಮೊದಮೊದಲು ಹೆಂಗಸರಿಗೆ ಮುಜುಗರವಾಗಿತ್ತು. ಕೇಳಿದ್ದಕ್ಕೆ ನನಗೆ ಹೇಳಿದರು: "ಗುಂಪಿನ ಎದುರು ನಿಂತಾಗ ಮುಖ ನೋಡಬಾರದು ಅಂತ ಮೊದಲನೇ ವರ್ಷವೇ ಕಲಿಸ್ತಾರೆ. ಮುಖ ನೋಡಿದ್ರೆ ಒಬ್ಬ ನಮ್ಮಣ್ಣನ ಥರ ಕಾಣ್ತಾನೆ, ಒಬ್ಬ ಪಕ್ಕದ ಮನೆಯೋನ ಥರ ಕಾಣ್ತಾನೆ. ಲಾಠಿ ಏಳಲ್ಲ. ಇಲ್ಲಾ, ಸಿಟ್ಟು ಬಂದು ಜಾಸ್ತಿ ಏಳುತ್ತೆ. ಅದಕ್ಕೇ ನಮ್ಮನ್ನ ನಮ್ಮ ಸೀಮೆ ಕಡೆ ಕಳಿಸ್ತಿರಲಿಲ್ಲ. ಕೈ ನೋಡಬೇಕು. ಗಲಾಟೆ ಇರೋದು ಕೈಯಲ್ಲಿ."

ಇಪ್ಪತ್ತು ಚಿಲ್ಲರೆ ವರ್ಷ ಹಾಗೆ ನೋಡಿ ನೋಡಿ ಅವರಿಗೆ ಮುಖಗಳು ನೆನಪಿನಲ್ಲಿ ನಿಲ್ಲುವುದೇ ಹೋಗಿತ್ತು. ಒಂದು ಗೌರಿಹಬ್ಬದ ಮರುದಿನ ಹಾಲಿನಾಕೆ ಬಂದಾಗ ಪಾತ್ರೆ ಹಿಡಿಯದೆ, "ಯಾರಮ್ಮಾ ನೀನು? ದಿನಾ ಬರೋಳು ಎಲ್ಲಿ?" ಅಂದರು.

"ಅಯ್ಯೋ ನಾನೇ ಕಣಣ್ಣೋ ದಿನಾ ಬರೋಳು! ಬಳೆ ಬದಲಾಯಿಸಿದ್ರೆ ಮನುಷ್ಯರೇ ಬದಲಾಯ್ತಾರಾ?"

ವಠಾರವೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೂ ನಗಲು ನೋಡಿದರು, ಆಗಲಿಲ್ಲ. ಸಂಜೆ ನನ್ನ ಹತ್ತಿರ, "ಊರಿಗೆ ಬಂದ್ಮೇಲೆ ಇದೆಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಜನದ ಮಧ್ಯ ಇರೋಣ, ನಾಲ್ಕು ಮುಖ ಗುರುತು ಹಿಡಿಯೋಣ ಅಂತಲೇ ಬಂದಿದ್ದು," ಎಂದರು. ನನ್ನ ಬಲಗೈ ಹಿಡಿದು ತಿರುಗಿಸಿದರು. ನನ್ನ ತೋರುಬೆರಳಿನ ತುದಿ ಹಳೆಯ ಪವರ್ ಪ್ರೆಸ್ಸೊಂದರಲ್ಲಿ ಹೋಗಿದೆ, ಒಂದು ಗೆಣ್ಣು ಕಮ್ಮಿ. "ನಿಂದು ಸಾವಿರ ಜನದ ಮಧ್ಯ ಇದ್ರೂ ಹಿಡೀತೀನಿ."

ಸುಮ್ಮನೆ ಕೂತರೆ ಮನುಷ್ಯ ಕೊಳೆಯುತ್ತಾನೆ ಅಂತ ನಾನೇ ಅವರನ್ನು ನಮ್ಮ ಕಾರ್ಖಾನೆಗೆ ಕರೆದುಕೊಂಡು ಹೋದೆ. ಗೇಟಿಗೆ ಒಬ್ಬ ಮುಖ್ಯ ಕಾವಲುಗಾರ ಬೇಕಾಗಿತ್ತು. ಮ್ಯಾನೇಜರು ಕಾಗದ ನೋಡಿ, "ಭೇಷ್, ಮಿಲಿಟರಿ ಮನುಷ್ಯ," ಎಂದರು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. ಪ್ರಯೋಜನವಾಗಲಿಲ್ಲ. "ಮಿಲಿಟರಿ ಅಲ್ಲ ಸಾರ್," ಅಂತ ಶುರುಮಾಡಿ ಗೃಹ ಖಾತೆಯವರೆಗೂ ಹೋದರು. ಆದರೂ ಕೆಲಸ ಸಿಕ್ಕಿತು. "ಹವಾಲ್ದಾರ್ರನ್ನ ತಂದು ಸೇರಿಸಿದ್ದು ನಾನು," ಎಂದು ನಾನು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಎರಡು ವರ್ಷ ಚೆನ್ನಾಗಿಯೇ ಕಳೆಯಿತು. ಆಮೇಲೆ ಮುಷ್ಕರ ಬಂತು. ಮೂವರನ್ನು ಕಾರಣ ಹೇಳದೆ ಕೆಲಸದಿಂದ ತೆಗೆದಿದ್ದಕ್ಕೆ ನಾವೆಲ್ಲ ಹೊರಗೆ ಬಂದು ಗೇಟಿನ ಎದುರು ಹೊಂಗೆ ಮರದ ಕೆಳಗೆ ಕೂತೆವು. ಗೇಟಿನಲ್ಲಿ ಖಾಕಿ ತೊಟ್ಟು ಅವರು. ಕಾವಲಿನವರು ನಮ್ಮ ಯೂನಿಯನ್ನಿಗೆ ಸೇರಿದವರಲ್ಲ.

ಮೊದಲ ವಾರ ತಮಾಷೆಯಾಗಿತ್ತು. ಎರಡನೇ ವಾರ ಮಾತು ಮೊನಚಾಯಿತು. "ಏನ್ ಹವಾಲ್ದಾರ್ರೇ, ಧಣಿ ಬಿಸ್ಕತ್ ಹಾಕಿದ್ರಾ?" ಎಂದರೆ ಅವರು, "ನಿಮಗೆ ಟೀ ಬಂತೇನಪ್ಪಾ?" ಎನ್ನುವರು. ಗೇಟಿನ ಒಳಗಿನ ನಲ್ಲಿಯಿಂದ ನಮಗೆ ನೀರು ಕೊಡಬಾರದು ಅಂತ ಮ್ಯಾನೇಜರು ಹೇಳಿದಾಗ, ಎಲ್ಲರ ಎದುರೇ, "ಬಾಯಾರಿದ ಗುಂಪು ಬೇಗ ಕೆರಳುತ್ತೆ ಸಾರ್. ನೀರು ಬಿಡಿ. ನಾನು ನೋಡಿದೀನಿ," ಎಂದು ಬಿಂದಿಗೆ ತುಂಬಿಸಿ ಕಳಿಸಿದರು. ಆ ನೀರು ಕುಡಿದ ಬಾಯಿಯಿಂದಲೇ ಬೈದೆವು.

ಬೈಗುಳ ನನ್ನ ಕಡೆಗೂ ತಿರುಗಿತು. "ನಿಮ್ ವಠಾರದೋನಲ್ವೇನೋ? ನೀನೇ ತಾನೆ ಕರ್ಕೊಂಡ್ ಬಂದಿದ್ದು? ಸಂಜೆ ಆದ್ರೆ ನಮ್ ವಿಷ್ಯ ಎಲ್ಲಾ ಅವರ ಹೊಸ್ಲಲ್ಲಿ ಒದರ್ತೀಯಾ ಮಗಾ?" ಎಂದು ಮೋಲ್ಡಿಂಗ್ ವಿಭಾಗದ ಒಬ್ಬ ಕೇಳಿದ. ಸುತ್ತ ಇದ್ದವರು ನಕ್ಕರು. ಬೆನ್ನು ಮುರಿಯೋ ಹಾಗೆ ದುಡಿದವನು ನಾನು, ಯಾರ ಮುಂದೂ ತಲೆ ತಗ್ಗಿಸಿದವನಲ್ಲ. ಆ ನಗು ಒಳಗೆ ಕೂತುಬಿಟ್ಟಿತು. ಮರುದಿನದಿಂದ ಹೊಸಿಲಿಗೆ ಹೋಗುವುದು ನಿಲ್ಲಿಸಿದೆ. ಅವರು ಕೇಳಲಿಲ್ಲ. ಅವರ ಬಾಗಿಲು ಮಾತ್ರ ಆ ಹೊತ್ತಿಗೆ ತೆರೆದೇ ಇರುತ್ತಿತ್ತು.

ಮೂರನೇ ವಾರ ಒಂದು ಬೆಳಿಗ್ಗೆ ಮ್ಯಾನೇಜ್‌ಮೆಂಟಿನವರು ಹೊರಗಿನಿಂದ ಹೊಸ ಆಳುಗಳನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದರು. ನಮ್ಮ ಮಿಷನ್ನುಗಳ ಮೇಲೆ ಬೇರೆಯವರ ಕೈ! ಇಡೀ ಗುಂಪು ಎದ್ದಿತು. ಯೂನಿಯನ್ ಕಾರ್ಯದರ್ಶಿ, "ಕೂತ್ಕೊಳ್ರೋ, ಯಾರೂ ಏನೂ ಮಾಡ್ಬೇಡಿ," ಎಂದು ಕೂಗುತ್ತಲೇ ಇದ್ದ. ಹವಾಲ್ದಾರರು ಗೇಟು ಬಿಟ್ಟು ಮುಂದೆ ಬಂದು ವ್ಯಾನಿಗೂ ನಮಗೂ ಮಧ್ಯೆ ನಿಂತರು. ಕೈಯಲ್ಲಿ ಲಾಠಿ ಇತ್ತು, ಎತ್ತಲಿಲ್ಲ, ಅಡ್ಡ ಹಿಡಿದಿದ್ದರು.

ಮೋಲ್ಡಿಂಗಿನವನು ನನ್ನ ಪಕ್ಕದಲ್ಲೇ ಇದ್ದ. ನಾನು ಯಾರ ಕಡೆಯವನು ಅಂತ ಅವನಿಗೆ ತೋರಿಸಬೇಕಿತ್ತು. ಜಲ್ಲಿ ಕಲ್ಲೊಂದು ಎತ್ತಿ ವ್ಯಾನಿನ ಗಾಜಿಗೆ ಬೀಸಿದೆ. ಗಾಜಿಗೇ ಗುರಿ ಇಟ್ಟಿದ್ದೆ, ಸುಳ್ಳಲ್ಲ. ಆದರೆ ವ್ಯಾನು ಮುಂದಕ್ಕೆ ಸರಿಯಿತು, ಅದಕ್ಕೆ ಅಡ್ಡವಾಗಿ ಅವರೂ ಸರಿದರು, ಕಲ್ಲು ಅವರ ಹುಬ್ಬಿಗೆ ಬಡಿಯಿತು.

ಅವರು ಬೀಳಲಿಲ್ಲ. ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದಕ್ಕೆ ಬಂದು ಅದೇ ಜಾಗದಲ್ಲಿ ನಿಂತರು. ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಇನ್ನೊಂದು ಕಣ್ಣು ಗುಂಪಿನ ಮೇಲೆ ಹರಿದು ಬಂದು ನನ್ನ ಕೈಯ ಮೇಲೆ ನಿಂತಿತು. ಇನ್ನೂ ಮೇಲಕ್ಕೇ ಇದ್ದ ಕೈ, ಒಂದು ಗೆಣ್ಣು ಕಮ್ಮಿ ಇರುವ ಬೆರಳು. ಅಲ್ಲಿಂದ ದೃಷ್ಟಿ ಎತ್ತಿದ್ದರೆ ನನ್ನ ಮುಖ ಇತ್ತು. ಎತ್ತಲಿಲ್ಲ. ಮೆಲ್ಲಗೆ ತಲೆ ತಿರುಗಿಸಿ ಗೇಟಿನ ಕಡೆ ನೋಡಿದರು. ಅದು ಅಭ್ಯಾಸಬಲವಲ್ಲ. ನಾನು ಅಲ್ಲೇ ನಿಂತಿದ್ದವನು, ನನಗೆ ಗೊತ್ತು. ಬೇಕೆಂದೇ ಎತ್ತಲಿಲ್ಲ.

ಪೊಲೀಸರು ಬಂದರು. ಹವಾಲ್ದಾರರನ್ನು ಸ್ಟೂಲಿನ ಮೇಲೆ ಕೂರಿಸಿ ತಲೆಗೆ ಬಟ್ಟೆ ಕಟ್ಟಿದ್ದರು. ನಮ್ಮನ್ನೆಲ್ಲ ಕಾಂಪೌಂಡು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಸಬ್ ಇನ್‌ಸ್ಪೆಕ್ಟರು ಕೇಳಿದ್ದು ನಮಗೆಲ್ಲ ಕೇಳಿಸುತ್ತಿತ್ತು.

"ಯಾರ್ರೀ ಹೊಡೆದಿದ್ದು?"

"ಮುಖ ನೋಡಿಲ್ಲ ಸಾರ್."

"ಇಷ್ಟ್ ಹತ್ರ ನಿಂತಿದ್ರಿ, ಕಾಣಲಿಲ್ವಾ?"

"ಕಾಣ್ತಿತ್ತು ಸಾರ್. ನೋಡಲಿಲ್ಲ. ಗುಂಪಿನಲ್ಲಿ ಮುಖ ನೋಡಬಾರದು ಅಂತ ನಮಗೆ ಕಲಿಸಿದಾರೆ."

"ಮತ್ತೇನ್ರೀ ನೋಡಿದ್ರಿ?"

ನಾನು ಕೈ ಬೆನ್ನ ಹಿಂದೆ ಇಟ್ಟುಕೊಂಡೆ. ಮನೆಯಲ್ಲಿ ಹೆಂಡತಿ, ಎರಡು ಸಣ್ಣ ಮಕ್ಕಳು.

"ಕಲ್ಲು ನೋಡಿದೆ ಸಾರ್. ಬಂತು, ಬಿತ್ತು."

ಸಬ್ ಇನ್‌ಸ್ಪೆಕ್ಟರು ಪಕ್ಕದವನ ಕಡೆ ತಿರುಗಿ, "ಎಂಥಾ ಕಾವಲುಗಾರ ಮಾರಾಯ," ಎಂದು ನಕ್ಕು ಬರೆದುಕೊಂಡ. ಕೊನೆಗೆ ಗುಂಪನ್ನು ಎತ್ತಿಕಟ್ಟಿದರು ಅಂತ ಕಾರ್ಯದರ್ಶಿಯ ಮೇಲೂ ಇನ್ನೊಬ್ಬನ ಮೇಲೂ ಕೇಸು ಹಾಕಿದರು. ಸಾಕ್ಷಿ ಹವಾಲ್ದಾರರೇ.

ಅವತ್ತು ಸಂಜೆ ಅಂಗಳ ದಾಟಿ ಹೋದೆ. ಆರು ಮಾರು ಅಂಗಳ, ಎಷ್ಟು ದೂರ ಅನ್ನಿಸಿತು. ಅವರು ತಲೆಗೆ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕೂತಿದ್ದರು. ನನ್ನ ಹೆಜ್ಜೆ ಸದ್ದಿಗೇ ಅಂದರು: "ಅಲ್ಲೇ ನಿಲ್ಲು."

"ಹವಾಲ್ದಾರ್ರೇ, ನಾನು..."

"ಹೇಳ್ಬೇಡ. ನೀನು ಹೇಳಿಬಿಟ್ರೆ ನನಗೆ ಗೊತ್ತಾದ ಹಾಗೆ ಆಗುತ್ತೆ. ನಾಳೆ ಕೋರ್ಟಲ್ಲಿ ಪ್ರಮಾಣ ಮಾಡಿಸಿ ಯಾರು ಅಂತ ಕೇಳ್ತಾರೆ. ಕೇಳದೇ ಇದ್ದದ್ದನ್ನ ನಾನು ಹೇಳಬೇಕಾಗಿಲ್ಲ. ಕೇಳಿದ್ದಕ್ಕೆ ಸುಳ್ಳು ಹೇಳಿದೋನಲ್ಲ ನಾನು, ಈ ವಯಸ್ಸಲ್ಲಿ ಹೇಳಿಸ್ಬೇಡ. ಮುಖ ನೋಡಿಲ್ಲ ಅನ್ನೋದು ನಿಜ. ಅದು ನಿಜವಾಗೇ ಇರ್ಲಿ."

"ಅವರಿಬ್ಬರ ಮೇಲೆ ಕೇಸು ಹಾಕಿದಾರಲ್ಲ?"

"ನಾನು ಯಾರನ್ನೂ ತೋರಿಸದಿದ್ರೆ ಕೇಸು ಬಿದ್ದುಹೋಗುತ್ತೆ. ಆದ್ರೆ ಟೈಮು ತಗೊಳುತ್ತೆ. ಅದು ಮುಗಿಯೋವರೆಗೂ ಈ ಕಡೆ ಬರ್ಬೇಡ. ಮಾತಾಡಿಸ್ಬೇಡ. ಮುಗಿದ ಮೇಲೆ ಬಾ, ಬಂದು ಏನಿದೆ ಹೇಳು. ಕೂತು ಕೇಳ್ತೀನಿ." ಅಂಗಳದ ಕಡೆ ಕೈ ತೋರಿಸಿ, "ಹೋಗಪ್ಪ, ಮಕ್ಕಳು ನೋಡ್ತವೆ," ಎಂದರು.

ಮುಷ್ಕರ ಐದನೇ ವಾರಕ್ಕೆ ರಾಜಿಯಾಗಿ, ತೆಗೆದ ಮೂವರೂ ಒಳಗೆ ಬಂದರು. ಕೇಸು ಉಳಿಯಿತು. ಧಣಿಗಳ ಸಾಕ್ಷಿ ಅಂತ ಕೆಲಸಗಾರರು ಹವಾಲ್ದಾರರನ್ನು ಮಾತಾಡಿಸಲಿಲ್ಲ. ಯಾರನ್ನೂ ಗುರುತಿಸದ ಕಾವಲುಗಾರ ಯಾಕೆ ಅಂತ ಮ್ಯಾನೇಜ್‌ಮೆಂಟಿನವರು ಕೆಲಸದಿಂದ ಬಿಡಿಸಿದರು. ವಠಾರದಲ್ಲೂ ಕಾರ್ಖಾನೆಯ ಮನೆಗಳೇ ಹೆಚ್ಚು. ಅವರು ನಲ್ಲಿಯ ಹತ್ತಿರ ಬಂದರೆ ಹೆಂಗಸರು ಬಿಂದಿಗೆ ಎತ್ತಿಕೊಂಡು ಒಳಗೆ ಹೋಗುವರು. ಕ್ಷೌರದ ಅಂಗಡಿಯಲ್ಲಿ ಸರದಿ ಬಂದರೂ ಇನ್ನೊಬ್ಬರನ್ನು ಕೂರಿಸುವರು. 'ಧಣಿ ನಾಯಿ' ಎಂದು ಯಾರೋ ಅವರ ಬಾಗಿಲ ಮೇಲೆ ಇದ್ದಿಲಲ್ಲಿ ಬರೆದರು. ಅವರು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದುದನ್ನು ನಾನು ನಮ್ಮ ಕಿಟಕಿಯಿಂದ ನೋಡಿದೆ. ಅವರು ಹಾಗಲ್ಲ ಅಂತ ಹೇಳಲು ಆ ವಠಾರದಲ್ಲಿ ಒಬ್ಬನಿಗೆ ಮಾತ್ರ ಸಾಧ್ಯವಿತ್ತು. ಆ ಒಬ್ಬ, ಬೇಡ ಅಂದಿದ್ದಾರಲ್ಲ ಅಂತ ಕಿಟಕಿಯ ಒಳಗಿದ್ದ.

ಜ್ಞಾನಭಾರತಿ ಕಡೆ ಹೊಸ ಕಟ್ಟಡಗಳು ಏಳುತ್ತಿದ್ದವು. ಅಲ್ಲಿ ಒಬ್ಬ ಕಂಟ್ರಾಕ್ಟರ ಹತ್ತಿರ ಕಾವಲಿನ ಕೆಲಸ ಸಿಕ್ಕಿ ಅವರು ಮನೆ ಖಾಲಿ ಮಾಡಿದರು. ಜಟಕಾಗೆ ಟ್ರಂಕು ಎತ್ತಿಡಲು ಒಬ್ಬರೂ ಬರಲಿಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ಅವಳಿಗೆ ಏನೂ ಹೇಳಿರಲಿಲ್ಲ, ಆದರೆ ಅವಳೇನು ದಡ್ಡಿಯಲ್ಲ.

"ನೀವು ಹೋಗಲ್ವಾ?"

"ಬರ್ಬೇಡ ಅಂದಿದಾರೆ."

"ಅವರು ಬೇಡ ಅಂದ್ರು, ನೀವು ಸರಿ ಅಂದ್ರಿ. ಎಷ್ಟು ಸಲೀಸಾಯ್ತು ನೋಡಿ ನಿಮಗೆ." ಅವಳೇ ಹೋಗಿ ಟ್ರಂಕಿನ ಒಂದು ಕಡೆ ಹಿಡಿದಳು.

ಕೇಸು ಎರಡೂವರೆ ವರ್ಷ ಎಳೆಯಿತು. ಪ್ರತಿ ತಾರೀಖಿಗೂ ಅವರು ಅಷ್ಟು ದೂರದಿಂದ ಬಂದು ಕೋರ್ಟಿನ ಜಗಲಿಯಲ್ಲಿ ಒಂದು ಕಡೆ ಕೂತಿರುತ್ತಿದ್ದರಂತೆ, ಇನ್ನೊಂದು ಕಡೆ ನಮ್ಮವರು. ಅಷ್ಟರಲ್ಲಿ ನಾನು ಕಾರ್ಖಾನೆ ಬಿಟ್ಟು ಒಂದು ಹಳೆ ಲೇತು ತಂದು ಕಾಮಾಕ್ಷಿಪಾಳ್ಯದಲ್ಲಿ ಸ್ವಂತ ಅಂಗಡಿ ಹಾಕಿದ್ದೆ. ಒಂದು ದಿನ ಕಾರ್ಯದರ್ಶಿ ಅಂಗಡಿಗೆ ನುಗ್ಗಿ, "ಬಿಡುಗಡೆ ಆಯ್ತು ಕಣೋ! ಆ ಮುದುಕ ಪ್ರಮಾಣ ಮಾಡಿ ಮುಖ ನೋಡಿಲ್ಲ ಅಂತ ಒಂದೇ ಮಾತು. ಲಾಯರು ಎಷ್ಟು ತಿರುಗಿಸಿ ಕೇಳಿದ್ರೂ ಅದೇ. ನಾವು ಆತನ್ನ ಏನೇನೋ ಅಂದ್ಬಿಟ್ವಲ್ಲೋ," ಎಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಮೊದಲು ಅವರಿಗೆ ಹೇಳಬೇಕು, ಆಮೇಲೆ ಉಳಿದವರಿಗೆ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಂದಿನ ಭಾನುವಾರವೇ ಹೊರಟೆ. ಹೆಂಡತಿ ಒಬ್ಬಟ್ಟು ಕಟ್ಟಿಕೊಟ್ಟಳು. ಬಸ್ಸು ಇಳಿದು ಮಣ್ಣುದಾರಿಯಲ್ಲಿ ತುಂಬ ದೂರ ನಡೆಯಬೇಕಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಹೇಳಿಕೊಂಡು ಹೋದೆ. 'ಆ ಕಲ್ಲು ಹೊಡೆದಿದ್ದು ನಾನು, ತಪ್ಪಾಯ್ತು.' ಇಷ್ಟೇ.

ಬಯಲು, ನೀಲಗಿರಿ ಗಿಡ, ಅರ್ಧ ಎದ್ದ ಗೋಡೆಗಳು. ರಜೆ ದಿನವಾದ್ದರಿಂದ ಆಳುಕಾಳು ಯಾರೂ ಇರಲಿಲ್ಲ. ತಗಡಿನ ಶೆಡ್ಡಿನ ಮುಂದೆ ಅವರೊಬ್ಬರೇ ಇಟ್ಟಿಗೆಯ ಮೇಲೆ ಕೂತಿದ್ದರು. ಬೆನ್ನು ಸ್ವಲ್ಪ ಬಾಗಿತ್ತು. ನಾನು ಹತ್ತಿರ ಹೋದಾಗ ಎದ್ದು ನಿಂತು ನನ್ನ ಮುಖವನ್ನೇ ನೋಡಿದರು. ನೆಟ್ಟ ನೋಟದಲ್ಲಿ, ತುಂಬಾ ಹೊತ್ತು.

"ಕಿವಿ ಹತ್ರ ಕೂದಲು ನರೆತಿದೆಯಲ್ಲೋ," ಎಂದರು. "ನಿನ್ನ ಕಣ್ಣು ಇಷ್ಟು ಸಣ್ಣ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು."

ಟೀ ಮಾಡಿದರು. ಇದ್ದ ಒಂದೇ ಲೋಟ ನನಗೆ ಕೊಟ್ಟು ತಾವು ಬಟ್ಟಲಲ್ಲಿ ಕುಡಿದರು. ಒಬ್ಬಟ್ಟನ್ನು ಒಂದು ಚೂರು ಮುರಿದು ತಿಂದು, "ಮನೆಯೋಳಿಗೆ ಹೇಳು, ಚೆನ್ನಾಗಿದೆ ಅಂತ," ಎಂದರು. ಆಮೇಲೆ, "ಕೇಸು ಮುಗೀತು," ಎಂದರು.

"ಹೂಂ. ಕೇಳಿದೆ."

"ಇನ್ನು ನನ್ನನ್ನ ಯಾರೂ ಏನೂ ಕೇಳೋ ಹಾಗಿಲ್ಲ."

ಇಷ್ಟು ಹೇಳಿ ಬಟ್ಟಲು ಕೆಳಗಿಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತರು. ನನ್ನ ಮಾತು ಕೇಳಲು ತಯಾರಾಗಿ ಕೂತದ್ದು. ನಾನು ಬಾಯಿ ತೆರೆದೆ. ಲೇತು ತಂದ ವಿಷಯ ಹೇಳಿದೆ. ಅದರ ಬೆಡ್ಡು ಎಷ್ಟು ಉದ್ದ, ಎಲ್ಲಿ ಸಿಕ್ಕಿತು, ಯಾವ ಯಾವ ಕಾರ್ಖಾನೆಯಿಂದ ಕೆಲಸ ಬರುತ್ತದೆ, ಎಲ್ಲ ಹೇಳಿದೆ. ದೊಡ್ಡ ಮಗಳು ಸ್ಕೂಲಿಗೆ ಹೋಗುತ್ತಿರುವುದು ಹೇಳಿದೆ. ಅವರು ಪ್ರತಿಯೊಂದಕ್ಕೂ "ಒಳ್ಳೇದಾಯ್ತು" ಅನ್ನುತ್ತಿದ್ದರು. ನಾನು ನಿಲ್ಲಿಸಿದಾಗಲೆಲ್ಲ, "ಮತ್ತೆ?" ಅನ್ನುತ್ತಿದ್ದರು. ನಾನು ಮತ್ತೊಂದು ಸುದ್ದಿ ತೆಗೆಯುತ್ತಿದ್ದೆ. ಈಗ ತಡೆಯುವವರು ಯಾರೂ ಇರಲಿ‌ಲ್ಲ. ಕೋರ್ಟಿರಲಿಲ್ಲ, ಕೇಸಿರಲಿಲ್ಲ, ಬೇಡ ಅನ್ನುವವರಿರಲಿಲ್ಲ. ಇದ್ದವನು ನಾನೊಬ್ಬ.

"ಮತ್ತೆ?" ಎಂದರು ಕೊನೆಯ ಸಲ.

"ಮತ್ತೇನಿಲ್ಲ."

ಅವರು ಮಂಡಿಯ ಮೇಲಿನ ಕೈ ತೆಗೆದರು. ಆಮೇಲೆ, "ಸರಿ, ಹೊರಡು. ಭಾನುವಾರ ಬಸ್ಸು ಕಮ್ಮಿ," ಎಂದು ತಾವೇ ಎದ್ದರು. ಬೇಡ ಅಂದರೂ ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆದು ಬಂದರು. ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಡ್ರೈವರು ಕೆಳಗಿಳಿದು ರೇಡಿಯೇಟರಿಗೆ ನೀರು ಹಾಕುತ್ತಿದ್ದ, ಬಸ್ಸು ಒಂದೈದು ನಿಮಿಷ ನಿಂತಿತ್ತು. ಅಷ್ಟೂ ಹೊತ್ತು ಅವರು ಬಿಸಿಲಲ್ಲಿ ನಿಂತು ನನ್ನ ಕಿಟಕಿಯ ಕಡೆಗೇ ನೋಡುತ್ತಿದ್ದರು. ಇಳಿದು ಹೇಳಬಹುದಿತ್ತು. ಕಿಟಕಿಯಿಂದಲೇ ಹೇಳಬಹುದಿತ್ತು.

ಬಸ್ಸು ಹೊರಟಿತು. ಕಂಡಕ್ಟರು ಟಿಕೆಟು ಹರಿಯುತ್ತಾ ಹಿಂತಿರುಗಿ ನೋಡಿದ. ಅವರು ಇನ್ನೂ ನಿಂತೇ ಇದ್ದರು.

"ಯಾರ್ ಸಾರ್ ಅವರು? ನಿಮ್ ತಂದೆನಾ?"

"ಅಲ್ಲ," ಎಂದೆ. "ಗೊತ್ತಿರೋರು."